ಗಂಡನ ಸಹಿ ಬೇಕು

ಮೊನ್ನೆ ಮೆಡಿಕಲ್ ಶಾಪಿನಲ್ಲಿ ಬಿ.ಪಿ. ಮಾತ್ರೆಗೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬಳು ಹುಡುಗಿ, ಕೊರಳಲ್ಲಿ ಹೊಸ ತಾಳಿ. ಮಕ್ಕಳಾಗದಿರಲು ನುಂಗುವ ಮಾತ್ರೆಯನ್ನು ಎಲ್ಲರಿಗೂ ಕೇಳಿಸುವಂತೆ ಕೇಳಿದಳು. ಅಂಗಡಿಯವನು ಕೊಟ್ಟ. ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ. ನೋಡಿದ್ದು ನಾನೊಬ್ಬಳೇ. (ನರ್ಸ್ ಕೆಲಸದಿಂದ ರಿಟೈರ್ ಆಗಿ ದಶಕಗಳಾದರೂ ಈ ಚಾಳಿ ಹೋಗಿಲ್ಲ.)

ಅರವತ್ತರ ದಶಕದಲ್ಲಿ ಗೌರಿಬಿದನೂರಿನ ನಮ್ಮ ಕುಟುಂಬ ಯೋಜನೆ ಕ್ಲಿನಿಕ್ ಅಂದರೆ ಒಂದು ರೂಮು, ಒಂದು ಪರದೆ, ಒಬ್ಬರು ಡಾಕ್ಟರಮ್ಮ ಮತ್ತು ನಾನು. ನನಗಿನ್ನೂ ಮದುವೆಯಾಗಿರಲಿಲ್ಲ. ಆರು ಹೆತ್ತವರಿಗೆ ನಾನು ಬುದ್ಧಿ ಹೇಳಬೇಕು!

ಬೋರ್ಡು ಹಾಕಿದ ಮೇಲಂತೂ ಮುಂಬಾಗಿಲಿಗೆ ಯಾರೂ ಬರಲಿಲ್ಲ. ಸಂತೆಯ ದಿನ ಮಾತ್ರ ಹಿಂಬಾಗಿಲು ತಟ್ಟುವ ಸದ್ದು. ಕಂಕುಳಲ್ಲಿ ಸೊಪ್ಪಿನ ಬುಟ್ಟಿ, ಮುಖ ಮುಚ್ಚುವಷ್ಟು ಸೆರಗು. ಕೊನೆಗೆ ನಾವೇ ಸಂತೆ ದಿನ ಹಿಂಬಾಗಿಲು ತೆರೆದಿಡತೊಡಗಿದೆವು.

ಅಂಥದೊಂದು ದಿನ ನಗರಗೆರೆ ಕಡೆಯ ಸುಬ್ಬಮ್ಮ ತಮ್ಮ ಸೊಸೆ ರತ್ನಳನ್ನು ಕರೆತಂದರು. ರತ್ನಳಿಗೆ ಐದು ಮಕ್ಕಳು. ಐದನೆಯ ಹೆರಿಗೆಯಲ್ಲಿ ಬದುಕಿದ್ದೇ ಹೆಚ್ಚು. ಮತ್ತೆ ಬಸಿರಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ವಂಕಿ, ಅಂದರೆ ಲೂಪ್, ಆಗಷ್ಟೇ ಬಂದಿತ್ತು. ಆದರೆ ಅದಕ್ಕೆ ನಮ್ಮಲ್ಲಿ ಗಂಡನ ಸಹಿ ಬೇಕು.

'ಅವ್ನು ಬರಲ್ಲ ನರ್ಸಮ್ಮ. ಈ ರೂಮ್ ಹತ್ರ ಕಂಡ್ರೆ ಜನ ನಗ್ತಾರಂತೆ,' ಎಂದರು ಸುಬ್ಬಮ್ಮ.

'ಸಹಿ ಇಲ್ದಿದ್ರೆ ಆಗಲ್ಲಮ್ಮ,' ಎಂದೆ. ರೂಲ್ಸ್ ಅಲ್ಲವೇ? ರತ್ನ ಅಳಲಿಲ್ಲ, ಬುಟ್ಟಿ ಎತ್ತಿಕೊಂಡು ಹೊರಡಲು ಎದ್ದಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಆದರೂ ಫಾರಂ ಹಿಡಿದುಕೊಂಡೇ ನಿಂತಿದ್ದೆ.

ಸುಬ್ಬಮ್ಮ ಕೂತಲ್ಲಿಂದ ಏಳಲಿಲ್ಲ. ಸೊಸೆಯ ಕೈ ಹಿಡಿದು ಕೂರಿಸಿದರು. ನನ್ನ ಕೈಯಿಂದ ಫಾರಂ ಕಿತ್ತುಕೊಂಡು, ಗಂಡನ ಸಹಿ ಎಲ್ಲಿ ಎಂದು ಕೇಳಿ, ಅಲ್ಲಿ ತಮ್ಮ ಹೆಬ್ಬೆಟ್ಟು ಒತ್ತಿದರು.

'ಅವನ್ನ ಹೆತ್ತೋಳೇ ನಾನು. ಅವನ ಸಹಿಗಿಂತ ನನ್ನ ಹೆಬ್ಬೆಟ್ಟು ಕಮ್ಮಿನಾ?'

ನಾನು ಡಾಕ್ಟರಮ್ಮನ ಮುಖ ನೋಡಿದೆ. ಅವರು ಫಾರಂ ನೋಡಿದರು, ಸುಬ್ಬಮ್ಮನನ್ನು ನೋಡಿದರು. 'ಪರದೆ ಎಳಿಯಮ್ಮ,' ಎಂದರು.

ರತ್ನಳ ಜೀವ ಉಳಿಯಿತು. ಆಮೇಲಿನ ಸಂತೆಗಳಲ್ಲಿ ಸೊಸೆಯರ ಜೊತೆ ಅತ್ತೆಯರೂ ಬರತೊಡಗಿದರು, ಹೆಬ್ಬೆಟ್ಟು ಒತ್ತಲು ತಯಾರಾಗಿ! (ಅತ್ತೆ ಅಂದರೆ ವಿಲನ್ ಎನ್ನುವ ಸೀರಿಯಲ್‌ನವರಿಗೆ ಇದನ್ನು ಯಾರು ಹೇಳಬೇಕು?)

ಅವತ್ತು ಪರದೆಯ ಹೊರಗೆ ಕೂತು, ಬೆರಳಿನ ಇಂಕನ್ನು ಸೆರಗಿಗೆ ಒರೆಸುತ್ತಾ ಸುಬ್ಬಮ್ಮ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು.

'ನಾನು ಹನ್ನೊಂದು ಹೆತ್ತು ಏಳು ಮಣ್ಣು ಮಾಡ್ದೆ. ಆವಾಗ ಎಲ್ಲಿತ್ತಮ್ಮ ನಿಮ್ಮ ಈ ರೂಮು?'