ಮುಳುಗಲೊಲ್ಲದ ದೋಣಿ

ಖಾನಾಪುರದ ಹೊಳೆದಂಡೆಯಲ್ಲಿ ದಾರಿ ತಪ್ಪಿ, ಅಂಬಿಗ ಪರಸಪ್ಪ ಎಲ್ಲಿ ಎಂದು ಕೇಳಿದೆ. ಬಟ್ಟೆ ಒಗೆಯುತ್ತಿದ್ದವಳು ನಕ್ಕಳು: “ಹೊಸಾ ದೋಣಿ ಮುಳುಗಸಾಕ ಹತ್ಯಾನ್ರೀ, ಅಲ್ಲೇ ಬಾಜೂಕ!”

ಅತ್ತ ಓಡಿದೆ. ಫೈಬರ್ ದೋಣಿಗಳಿಗೆ ಅಚ್ಚು ತೆಗೆಯಲು ನಾನು ಒಯ್ದಿದ್ದ ಅವನ ಮರದ ದೋಣಿ ಮಚ್ಛೆ ಊರಿನ ನಮ್ಮ ಕಾರ್ಖಾನೆಯಲ್ಲೇ ಕಳಚಿಬಿದ್ದಿತ್ತು. ಅದರ ಬದಲಿಗೆ ಅದೇ ಆಕಾರದ ಫೈಬರ್ ದೋಣಿ ಮಾಡಿಸಿ ಕಳಿಸಿದ್ದೆ.

ಪರಸಪ್ಪ ಅದಕ್ಕೆ ಕಲ್ಲು ಹೇರುತ್ತಿದ್ದ. “ನೀರಾಗ ಮುಳುಗಿಸಿಟ್ರ ಹಲಗಿ ಉಬ್ಬಿ ಸಂದಿ ಮುಚ್ತಾವ್ರಿ ಅಕ್ಕಾರ. ಇದು ಮುಳುಗವಲ್ದು!”

“ಇದಕ್ಕ ಹಲಗಿನೂ ಇಲ್ಲ, ಸಂದಿನೂ ಇಲ್ಲೋ ಯಪ್ಪಾ. ಕಲ್ಲ ತಗೀ, ಆಚಿ ದಂಡಿಗೆ ಹೋಗಿಬರೂಣು. ಕಾಲು ತೋಯ್ದ್ರ ಮರದ್ದ ಮಾಡಿಸಿ ಕೊಡ್ತೀನಿ.”

ಹೋಗಿಬಂದೆವು. ದೋಣಿಯ ತಳವನ್ನು ಸವರಿ, ತನ್ನ ಒಣ ಅಂಗೈ ನೋಡಿಕೊಂಡ. “ನನ್ನ ಹಳೇ ದೋಣಿ ಋಣ ತೀರಿಸಿದ್ರಿ ಬಿಡ್ರಿ,” ಎಂದ.

ಆದರೂ ನೀರು ಹೊರಚೆಲ್ಲುವ ಡಬ್ಬಿಯೊಂದನ್ನು ಒಳಗೆ ಕಟ್ಟಿಯೇ ಇಟ್ಟ. ಬಹುಶಃ ಅಂಬಿಗರೆಲ್ಲ ಹಾಗೇ.