ಗೋಲು ಬಿಟ್ಟವನ ಅಂಗಡಿ

ಗಾಜು ಬೇಕೆಂದು ಬಂದವರು ಗಾಜು ತೆಗೆದುಕೊಂಡು ಸುಮ್ಮನೆ ಹೋಗುವಂತಿದ್ದರೆ ಆ ಅಂಗಡಿಯಲ್ಲಿ ಇನ್ನೂ ಎರಡರಷ್ಟು ಕೆಲಸ ಸಾಗುತ್ತಿತ್ತು. ಆದರೆ ಬಂದವರಿಗೆಲ್ಲ ಮೊದಲು ಆ ಗೋಲು ಬೇಕು. ಮೂವತ್ತೊಂದು ವರ್ಷದ ಹಿಂದಿನ ಫುಟ್‌ಬಾಲ್ ಪಂದ್ಯದ ಗೋಲು. ಕಿಟಕಿಯ ಅಳತೆ ಬರೆದ ಚೀಟಿ ಅವರ ಕೈಯಲ್ಲೇ ಬೆವರಿಗೆ ಮೆತ್ತಗಾಗುತ್ತಿರುತ್ತದೆ, ಅವರು ಮಾತ್ರ ಆ ಪಂದ್ಯದ ಕೊನೆಯ ನಿಮಿಷಕ್ಕೆ ಹೊರಟುಹೋಗಿರುತ್ತಾರೆ.

ಹೋದ ವರ್ಷ ಊರಿಗೆ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತನೊಬ್ಬ ಕನ್ನಡಿ ಮಾಡಿಸಲು ಬಂದಿದ್ದ. ಮನೆ ಮಾಲೀಕರಿಂದ ಕೇಳಿದ ಕಥೆ ಅವನ ಬಾಯಲ್ಲಿ ಇನ್ನೂ ಬಿಸಿಯಾಗಿತ್ತು. ಮೇಜಿನ ಆಚೆ ನಿಂತ ಮೇಸ್ತ್ರಿಗೆ ಅದನ್ನು ಉಪ್ಪುಖಾರ ಹಚ್ಚಿ ಹೇಳತೊಡಗಿದ.

"ಚೆಂಡು ಸುಯ್ ಅಂತ ಬರ್ತಾ ಇದೆ ಸ್ವಾಮಿ, ನೇರ ಗೋಲಿಗೆ. ಆ ಗೋಲ್‌ಕೀಪರ್ ದಂಡಪಿಂಡ ಏನು ಮಾಡ್ಬೇಕು? ನಿಂತಲ್ಲೇ ನಿಂತಿದ್ರೆ ಸಾಕಿತ್ತು. ಮಹಾನುಭಾವ ಮುಂದಕ್ಕೆ ಓಡಿದ!"

"ಹೌದಾ? ಆಮೇಲೆ?"

"ಆಮೇಲೇನು, ತಲೆ ಮೇಲಿಂದ ಹೋಯ್ತು. ಬಲೆ ಹರ್ಕೊಂಡು, ಹಿಂದೆ ಇದ್ದ ಕ್ಲಬ್ಬಿನ ಕಿಟಕಿ ಒಡ್ಕೊಂಡು, ಒಳಗಿದ್ದ ಗೋಡೆ ಗಡಿಯಾರಾನೂ ನಿಲ್ಲಿಸಿಬಿಡ್ತಂತೆ. ಪಾಪ, ಅವನು ಈಗ ಎಲ್ಲಿದಾನೋ, ಏನು ಮಾಡ್ತಿದಾನೋ."

"ಕನ್ನಡಿ ಕತ್ತರಿಸ್ತಿದಾನೆ," ಎನ್ನುತ್ತ ಮೇಸ್ತ್ರಿ, ಗೆರೆ ಎಳೆದ ಕನ್ನಡಿಯನ್ನು ಮೇಜಿನ ಅಂಚಿಗೆ ತಂದು ಟಪ್ಪನೆ ಎರಡು ಮಾಡಿದ. "ಗಡಿಯಾರದ್ದು ಮಾತ್ರ ಸುಳ್ಳು. ಅದು ಮೊದಲೇ ನಿಂತಿತ್ತು."

ಊಟದ ಡಬ್ಬಿ ಕೊಡಲು ಬಂದಿದ್ದ ಮೇಸ್ತ್ರಿಯ ಮಗಳು ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಗುಮಾಸ್ತನ ಮುಖ ನೋಡುವ ಹಾಗಿತ್ತು. ಅಪ್ಪನೇ ಅವನನ್ನು ಕೂರಿಸಿ, ನೀರು ಕೊಟ್ಟು, ಅದೇ ಗೋಲನ್ನು ಮೊದಲಿನಿಂದ ಇನ್ನೂ ಚೆನ್ನಾಗಿ ಹೇಳಿ ಕಳಿಸಿದ. ಒದ್ದವನ ಕಾಲು ಎಷ್ಟು ಹಿಂದಕ್ಕೆ ಹೋಯಿತು, ಚೆಂಡು ಗಾಳಿಯಲ್ಲಿ ಹೇಗೆ ತಿರುಗಿತು, ಒಂದನ್ನೂ ಬಿಡಲಿಲ್ಲ. ಇನ್ನೊಬ್ಬರನ್ನು ಹೊಗಳುವುದರಲ್ಲಿ ಅವನು ಬಲು ಧಾರಾಳಿ. ಮಗಳಿಗೆ ಮೈಯೆಲ್ಲ ಉರಿಯಿತು.

ನಡೆದದ್ದು ಇಷ್ಟು. ಈ ಊರಿನ ತಂಡಕ್ಕೂ ಹೊಳೆಯಾಚೆ ಊರಿನ ತಂಡಕ್ಕೂ ಕಪ್ಪಿಗಾಗಿ ಕೊನೆಯ ಪಂದ್ಯ. ಎರಡೂ ಕಡೆ ಸೊನ್ನೆ. ಅಪ್ಪ ಆಚೆ ಊರಿನ ಗೋಲ್‌ಕೀಪರ್, ಗಾಜಿನ ಕೆಲಸ ಆಗತಾನೇ ಕೈಗೆ ಹತ್ತಿದ್ದ ಇಪ್ಪತ್ತಮೂರರ ಹರೆಯದವನು. ಪಂದ್ಯ ಮುಗಿಯಲು ಒಂದು ನಿಮಿಷ ಇರುವಾಗ ಈ ಊರಿನ ಅಂಚೆಯವನು, ಈಗ ಎಲ್ಲರ ಬಾಯಲ್ಲೂ ಪೋಸ್ಟ್ ಮಾವ, ಮೈದಾನದ ಬಲ ಅಂಚಿನಿಂದ ಒದ್ದ. ಚೆಂಡು ಅಪ್ಪನ ತಲೆಯ ಮೇಲಿಂದ ಗೋಲಿನೊಳಗೆ ಹೋಗಿ, ಹಳೇ ಬಲೆಯ ತೂತಿನಲ್ಲಿ ನುಸುಳಿ, ಬೆನ್ನಿಗೇ ಇದ್ದ ಕ್ಲಬ್ಬಿನ ಕಿಟಕಿಯನ್ನು ಒಡೆಯಿತು. ತೂತು ಇದ್ದದ್ದು ಬಲೆಯಲ್ಲಿ, ಹೆಸರು ಬಂದದ್ದು ಕೈಗೆ. ಅಂದಿನಿಂದ ಅಪ್ಪ ತೂತುಗೈ ಮೇಸ್ತ್ರಿ.

ಬೇರೆ ಯಾರೇ ಆಗಿದ್ದರೂ ಆ ಊರಿನ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಪ್ಪ ಮಾರನೇ ದಿನವೇ ಅಳತೆ ಟೇಪು ಹಿಡಿದು ಬಂದ. "ನನ್ನಿಂದ ಒಡೆದದ್ದು, ನಾನೇ ಹಾಕಿಕೊಡ್ತೀನಿ," ಎಂದ. ಕ್ಲಬ್ಬಿನ ಕಾವಲುಗಾರನ ಮಗಳು ಗಾಜಿನ ಚೂರು ಗುಡಿಸುತ್ತಿದ್ದಳು. ತಲೆ ಎತ್ತದೆ, "ನೀವು ಹಿಡಿದಿದ್ರೆ ನನಗೆ ಈ ಕೆಲಸ ಇರ್ತಿರ್ಲಿಲ್ಲ," ಎಂದಳು. ಆ ಮಾತಿಗೆ ಸಿಕ್ಕಿಬಿದ್ದವನು ಮತ್ತೆ ಹೊಳೆ ದಾಟಲಿಲ್ಲ. ಒಂದೇ ಒಂದು ಗಾಜು ಕೂರಿಸಲು ನಾಲ್ಕು ದಿನ ತೆಗೆದುಕೊಂಡ ಮೇಸ್ತ್ರಿಯನ್ನು ತಾನು ಇನ್ನೆಲ್ಲೂ ಕಂಡಿಲ್ಲ ಎಂದು ಅಮ್ಮ ಇವತ್ತಿಗೂ ಅವನ ಕಾಲೆಳೆಯುತ್ತಾಳೆ.

ಆ ಕೈ ಎಂಥದ್ದೆಂದು ತಿಳಿಯಬೇಕಾದರೆ ಅವನು ಕೆಲಸ ಮಾಡುವಾಗ ನೋಡಬೇಕು. ಆಳೆತ್ತರದ ಗಾಜನ್ನು ಎರಡು ಅಂಗೈಗಳ ನಡುವೆ ನಿಲ್ಲಿಸಿಕೊಂಡು ಮೂರು ಮಹಡಿ ಹತ್ತುತ್ತಾನೆ. ಕೈಗವಸು ಹಾಕುವುದಿಲ್ಲ. ಗಾಜು ಎಲ್ಲಿ ಬಿರುಕು ಬಿಡಲು ಹೊಂಚು ಹಾಕಿದೆ ಎಂದು ಬೆರಳಿಗೆ ಗೊತ್ತಾಗಬೇಕಂತೆ. ಕತ್ತರಿಸುವಾಗ ಗೆರೆ ಎಳೆಯುವುದು ಒಂದೇ ಸಲ, ಅದೇ ಗೆರೆಯ ಮೇಲೆ ಇನ್ನೊಮ್ಮೆ ಹೋದರೆ ಅಂಚು ಹಾಳು. ಎಳೆಯುವ ಸದ್ದು ಸಣ್ಣಗೆ, ಒಂದೇ ಸಮನೆ ಬರಬೇಕು. ನಡುವೆ ತಡವರಿಸಿತೋ, ಆ ಗಾಜು ಮೂಲೆಗೆ ಹೋಯಿತು, ಗಿರಾಕಿ ಎಷ್ಟೇ ಅವಸರ ಮಾಡಲಿ. ಆಸ್ಪತ್ರೆಯ ಹೆರಿಗೆ ಕೋಣೆಯ ಕಿಟಕಿಗೆ ಗಾಜು ಹಾಕಿದಾಗ ಅಂಚುಗಳನ್ನೆಲ್ಲ ಉಜ್ಜಿ, ಕೊನೆಗೆ ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡಿದ್ದನ್ನು ನರ್ಸುಗಳು ಇಂದಿಗೂ ಹೇಳುತ್ತಾರೆ. ಇಷ್ಟು ವರ್ಷದಲ್ಲಿ ಆ ಕೈಯಿಂದ ಒಂದು ಗಾಜು ಜಾರಿದ್ದನ್ನು ಕಂಡವರಿಲ್ಲ.

ಆದರೂ ಶಾಲೆಯಲ್ಲಿ ಮಗಳು ಪೆನ್ಸಿಲ್ ಬೀಳಿಸಿದರೆ ಸಾಕು, "ತೂತುಗೈ ವಂಶ!" ಎಂದು ಇಡೀ ತರಗತಿ ನಗುತ್ತಿತ್ತು. ಅತ್ತುಕೊಂಡು ಬಂದರೆ ಅಪ್ಪ, "ಹೆಸರಿಡೋಕಾದ್ರೂ ನಮ್ಮನ್ನ ಜ್ಞಾಪಕ ಇಟ್ಕೊಂಡಿದಾರಲ್ಲೇ," ಎಂದು ನಗಿಸಲು ನೋಡುತ್ತಿದ್ದ. ಅವಳು ನಗುತ್ತಿರಲಿಲ್ಲ. ದೊಡ್ಡವಳಾದ ಮೇಲೂ ಆ ಸಿಟ್ಟು ಇಳಿದಿರಲಿಲ್ಲ.

ಈಗ ಅವಳು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಳೆ. ಜನರ ಹಳೇ ಕ್ಯಾಸೆಟ್ಟು, ರೀಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವಳ ಪಾಲಿನ ಕೆಲಸ. ಈ ವರ್ಷ ಕ್ಲಬ್ಬಿನ ಕಾರ್ಯದರ್ಶಿ ಒಂದು ತಗಡಿನ ಡಬ್ಬಿ ತಂದು ಅವಳ ಮುಂದೆ ಇಟ್ಟರು. ತೀರಿಕೊಂಡ ಹಲ್ಲಿನ ಡಾಕ್ಟರ ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ಡಾಕ್ಟರು ಆ ಪಂದ್ಯವನ್ನು ತಮ್ಮ ಸ್ವಂತ ಕ್ಯಾಮೆರಾದಲ್ಲಿ ಹಿಡಿದಿದ್ದರಂತೆ. ಬರೀ ಚಿತ್ರ, ಸದ್ದಿಲ್ಲ. ಅಪ್ಪಟ ಊರಭಿಮಾನಿ, ಅದರ ಮೇಲೆ ಜಿಪುಣ. ಹಾಗಾಗಿ ಈ ಊರಿನವರು ಎದುರಾಳಿಯ ಗೋಲಿನ ಹತ್ತಿರ ಹೋದಾಗ ಮಾತ್ರ ಕ್ಯಾಮೆರಾ ಓಡಿಸಿದ್ದರು.

"ಭಾನುವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ತೋರಿಸೋಣಮ್ಮ. ಊರಿಗೆ ಊರೇ ಬರುತ್ತೆ," ಎಂದರು ಕಾರ್ಯದರ್ಶಿ.

ಎಲ್ಲ ರೀಲುಗಳನ್ನೂ ಇಳಿಸಿಕೊಂಡವಳು ನೋಡಲು ಕೂತದ್ದು ಕೊನೆಯದೊಂದನ್ನೇ. ಗೋಲನ್ನು ಮೊದಲು ಓಡಿಸಿ ನೋಡಿದಳು, ಆಮೇಲೆ ನಿಧಾನವಾಗಿ, ಆಮೇಲೆ ಒಂದೊಂದೇ ಚಿತ್ರ ನಿಲ್ಲಿಸಿ. ಪೋಸ್ಟ್ ಮಾವನ ಕಣ್ಣು ಗೋಲಿನ ಕಡೆ ಇರಲೇ ಇಲ್ಲ. ಮಧ್ಯದಲ್ಲಿ ಕೈ ಎತ್ತಿ ಕೂಗುತ್ತಿದ್ದ ತನ್ನ ಜೊತೆಗಾರನನ್ನು ನೋಡುತ್ತ, ಅವನ ತಲೆಗೆ ಸಿಗಲಿ ಎಂದು ಚೆಂಡನ್ನು ಎತ್ತಿ ಹಾಕಿದ್ದ. ಆಟದವರು ಕ್ರಾಸ್ ಎನ್ನುವುದು ಇದಕ್ಕೇ. ಅದನ್ನು ಹಿಡಿಯಲು ಅಪ್ಪ ಮುಂದೆ ಬಂದದ್ದು ಸರಿಯಾಗಿಯೇ ಇತ್ತು. ಚೆಂಡು ಕಾಲಿನ ಅಂಚಿಗೆ ತಾಗಿ ಎತ್ತಲೋ ಹೊರಟು, ಅಡ್ಡಾದಿಡ್ಡಿ ತಿರುಗಿ ಗೋಲಿಗೆ ಬಿದ್ದಿತ್ತು. ಬಿದ್ದ ಕ್ಷಣ ಒದ್ದವನು ಕುಣಿಯಲಿಲ್ಲ. ಕೆಲಸ ಕೆಟ್ಟಿತು ಎನ್ನುವವನಂತೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಜನ ಓಡಿಬಂದು ಎತ್ತಿಕೊಂಡದ್ದು ಆಮೇಲೆ.

ಅವತ್ತು ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು. "ಅಪ್ಪ, ಅದು ಗೋಲಿಗೆ ಹೊಡೆದ ಚೆಂಡೇ ಅಲ್ಲ. ಕ್ರಾಸು. ಕಾಲು ತಪ್ಪಿ ಬಿದ್ದದ್ದು."

"ಗೊತ್ತು," ಎಂದ ಅಪ್ಪ.

"ಗೊತ್ತು ಅಂದ್ರೆ?"

"ಎದುರಿಗೆ ನಿಂತಿದ್ದವನು ನಾನಲ್ವೇನೆ? ಅವನ ಭುಜ ನೋಡಿದ್ರೆ ಗೊತ್ತಾಗಲ್ವಾ?"

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು. "ಮೂವತ್ತೊಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ? ಎಲ್ಲರೂ ನಿನ್ನ ಆಡ್ಕೊಂಡು ನಗ್ತಿದ್ರೆ ನೀನೂ ಸೇರ್ಕೊಂಡು ನಗ್ತಿದ್ಯಲ್ಲ!"

"ಮಾರನೇ ದಿನ ಗಾಜು ಹಾಕೋಕೆ ಬಂದಾಗ ಹೇಳೋಣ ಅಂತಾನೇ ಇದ್ದೆ. ಅವನನ್ನ ಹೆಗಲ ಮೇಲೆ ಹೊತ್ಕೊಂಡು ಬೀದಿ ಬೀದಿ ಸುತ್ತಿಸ್ತಿದ್ರು. ಅವನ ಮುಖ ನೋಡ್ದೆ. ಬಾಯಿ ಬರ್ಲಿಲ್ಲ." ಅಪ್ಪ ನೀರು ಕುಡಿದು ಲೋಟ ಇಟ್ಟ. "ನೋಡು, ನನಗೆ ನಿಮ್ಮಮ್ಮ ಇದಾಳೆ, ನೀನಿದೀಯ, ಅಂಗಡಿ ಇದೆ. ಅವನಿಗೆ ಹೆಂಡ್ತಿ ಹೋದ್ಳು, ಮಕ್ಕಳಿಲ್ಲ, ಈಗ ಮಂಡಿನೂ ಕೈಕೊಟ್ಟಿದೆ. ಇರೋದು ಅದೊಂದು ಗೋಲು."

"ಭಾನುವಾರ ಎಲ್ಲರ ಮುಂದೆ ಆ ಚಿತ್ರ ನಿಲ್ಲಿಸ್ತೀನಿ. ನೋಡ್ಲಿ ಊರೋರು. ನಿನ್ನ ತಪ್ಪೇನೂ ಇಲ್ಲ ಅಂತ ಗೊತ್ತಾಗ್ಲಿ."

"ಬೇಡ ಅಂತ ನಾನು ಹೇಳಲ್ಲ. ಮೆಷೀನು ನಿನ್ನ ಕೈಲಿದೆ." ಅಪ್ಪ ತಟ್ಟೆ ತೆಗೆದುಕೊಂಡು ಎದ್ದ.

ಭಾನುವಾರ ಕ್ಲಬ್ಬಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಗಳನ್ನು ಎಳೆದು ಕತ್ತಲು ಮಾಡಿದ್ದರು. ಪೋಸ್ಟ್ ಮಾವ ಇಸ್ತ್ರಿ ಅಂಗಿ ಹಾಕಿ, ಕೋಲೂರಿಕೊಂಡು ಬಂದು ಮೊದಲ ಸಾಲಿನಲ್ಲಿ ಅಪ್ಪನ ಪಕ್ಕ ಕೂತ. ಯಾವಾಗಲೂ ವಟವಟ ಎನ್ನುವವನು ಅಂದು ತುಟಿ ಪಿಟಕ್ ಎನ್ನಲಿಲ್ಲ. ಜನಕ್ಕೆ ತಡೆಯಲಾಗಲಿಲ್ಲ, "ಗೋಲು ಹಾಕಮ್ಮ, ಮೊದಲು ಗೋಲು!" ಎಂದು ಗದ್ದಲ ಎಬ್ಬಿಸಿದರು. ಅವಳು ಹಾಕಿದಳು. ಚೆಂಡು ಹಾರಿತು, ಗೋಲಿಗೆ ಬಿತ್ತು, ಸೂರು ಕಿತ್ತುಹೋಗುವ ಹಾಗೆ ಕೂಗು ಎದ್ದಿತು. ಅವಳು ಬೆರಳು ಒತ್ತಿದಳು. ತಲೆಯ ಮೇಲೆ ಕೈ ಹೊತ್ತ ಪೋಸ್ಟ್ ಮಾವ ಗೋಡೆಯ ತುಂಬ ನಿಂತುಬಿಟ್ಟ.

"ಯಾಕಮ್ಮ, ಕೆಟ್ಟೋಯ್ತಾ?" ಎಂದರು ಯಾರೋ.

"ಕೆಟ್ಟಿಲ್ಲ. ಎಲ್ಲರೂ ಸರಿಯಾಗಿ ನೋಡಿ," ಎಂದಳು. ದನಿ ತನಗೇ ಪರಕೀಯವೆನಿಸಿತು. "ಗೋಲು ಹೊಡೆದವರು ಹೀಗೆ ನಿಲ್ತಾರಾ?"

ಪೋಸ್ಟ್ ಮಾವ ಕೋಲಿನ ಮೇಲೆ ಭಾರ ಹಾಕಿ ಎದ್ದ. "ಮಗು ಕೇಳಿದ್ದು ಸರಿಯಾಗಿದೆ. ನಾನು ಗೋಲಿಗೆ ಹೊಡೀಲಿಲ್ಲ. ಕ್ರಾಸ್ ಹಾಕ್ದೆ, ಕಾಲು ತಪ್ತು. ಮೇಸ್ತ್ರಿ ಮುಂದೆ ಬಂದದ್ದು ತಪ್ಪಲ್ಲ. ಇಷ್ಟು ವರ್ಷ ಹೇಳೋಕೆ ಧೈರ್ಯ ಬರ್ಲಿಲ್ಲ ನನಗೆ."

"ದೊಡ್ಡ ಮನಸ್ಸು ನೋಡ್ರಪ್ಪ ಮಾವಂದು!" ಎಂದು ಹಿಂದಿನಿಂದ ಒಬ್ಬ ಚಪ್ಪಾಳೆ ತಟ್ಟಿದ. ಜೊತೆಗೆ ಯಾರೂ ತಟ್ಟಲಿಲ್ಲ. ಅಪ್ಪನಿಗೆ ನ್ಯಾಯ ಸಿಗಲಿ ಎಂದು ಹೊರಟವಳು ಒಬ್ಬ ಮುದುಕನನ್ನು ಊರೆದುರು ನಿಲ್ಲಿಸಿ ಅವನ ಕೈಯಲ್ಲಿದ್ದ ಒಂದೇ ಒಂದನ್ನು ಕಿತ್ತುಕೊಂಡಿದ್ದಳು. ಅವಳಿಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

ಕಾರ್ಯದರ್ಶಿ ಅಪ್ಪನ ಕಡೆ ತಿರುಗಿದರು. "ಗೋಲಲ್ಲಿ ನಿಂತಿದ್ದವರು ನೀವು. ನೀವೇ ಹೇಳಿ ಮೇಸ್ತ್ರಿ. ಅದು ಕ್ರಾಸಾ, ಗೋಲಾ?"

ಇನ್ನು ಬೇಕಾಗಿದ್ದದ್ದು ಅಪ್ಪನ ಒಂದು 'ಹೌದು'. ಒದ್ದವನೇ ಒಪ್ಪಿಕೊಂಡಾಗಿತ್ತು. ಅಪ್ಪ ಎದ್ದು ಗೋಡೆಯ ಮೇಲಿನ ಚಿತ್ರವನ್ನು ಒಮ್ಮೆ ನೋಡಿದ.

"ಸಾರ್, ಇವನ ಮಾತು ನಂಬಬೇಡಿ. ಆವತ್ತು ಇವನು ಹಾಕಿದ್ದು ಹತ್ತೊಂಬತ್ತು ಕ್ರಾಸು. ಹತ್ತೊಂಬತ್ತೂ ನಾನು ಹಿಡಿದಿದೀನಿ. ಇದು ಕ್ರಾಸ್ ಆಗಿದ್ದಿದ್ರೆ ಇದನ್ನೂ ಹಿಡೀತಿದ್ದೆ. ಹಿಡಿಯೋಕಾಗ್ಲಿಲ್ಲ ಅಂದ್ಮೇಲೆ ಇದು ಗೋಲೇ."

ಎದ್ದ ನಗುವಿಗೆ, ಕೂಗಿಗೆ ಕುರ್ಚಿಗಳೇ ಅದುರಿದವು. ಮಗಳು ಕತ್ತಲಲ್ಲಿ ಅಪ್ಪನನ್ನೇ ನೋಡುತ್ತ ಕೂತಳು. ಇಂಥ ಮನುಷ್ಯನ ಮಗಳಾಗಿ ಹುಟ್ಟಿದ್ದಕ್ಕೆ ಇಷ್ಟು ವರ್ಷ ನಾಚಿದೆನಲ್ಲ ಎಂದುಕೊಂಡಳು.

ಪೋಸ್ಟ್ ಮಾವ ಮಾತ್ರ ಕೂರಲಿಲ್ಲ. ಗದ್ದಲ ಇಳಿಯುವವರೆಗೆ ಕಾದು, ಅವಳ ಕಡೆ ತಿರುಗಿದ. "ಹತ್ತೊಂಬತ್ತು ಹಿಡಿದಿದ್ದು ನಿಜ ಮಗು. ಮೂವತ್ತೊಂದು ವರ್ಷದಲ್ಲಿ ಅದನ್ನ ಒಬ್ಬರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮುಂಚಿನ ರೀಲುಗಳು ಇವೆಯಾ?"

ಇದ್ದವು. ಒಂದನ್ನೂ ಅವಳು ಕೂತು ನೋಡಿರಲಿಲ್ಲ. ಊರಿನವರ ಹಾಗೆ ಅವಳಿಗೂ ಬೇಕಾಗಿದ್ದದ್ದು ಆ ಒಂದು ನಿಮಿಷವೇ. ಮೊದಲನೆಯದನ್ನು ಹಾಕಿದಳು.

ಗೋಡೆಯ ಮೇಲೆ ತೆಳ್ಳಗಿನ, ಗುಂಗುರು ಕೂದಲಿನ ಯುವಕನೊಬ್ಬ ಇಬ್ಬರು ಆಟಗಾರರ ತಲೆ ಮೀರಿ ಮೇಲಕ್ಕೆ ಎದ್ದು, ಚೆಂಡನ್ನು ಎದೆಗೆ ತಂದುಕೊಂಡು ಇಳಿದ. ಎರಡನೆಯ ಕ್ರಾಸನ್ನು ಹಿಡಿದದ್ದು ಒಂದೇ ಕೈಯಲ್ಲಿ. ಮೂರನೆಯದಕ್ಕೆ ಯಾರೋ "ಮೂರು" ಎಂದರು. ಎಂಟಾಗುವ ಹೊತ್ತಿಗೆ ಇಡೀ ಹಾಲೇ ಎಣಿಸುತ್ತಿತ್ತು. ಹನ್ನೊಂದನೆಯದಕ್ಕೆ ಅವನು ಮಣ್ಣಿನಲ್ಲಿ ಉರುಳಿ ಎದ್ದಾಗ ಒಬ್ಬ ಅಜ್ಜಿ "ಅಯ್ಯೋ ಕಂದ" ಎಂದುಬಿಟ್ಟಳು. "ಸಾಕು ನಿಲ್ಲಿಸೇ," ಎಂದು ಅಪ್ಪ ಏಳಲು ಹೋದರೆ ಅಮ್ಮ ಹಿಂದಿನಿಂದ ಅಂಗಿ ಹಿಡಿದು ಕೂರಿಸಿದಳು. ಮಗಳು ಕಣ್ಣೊರೆಸಿಕೊಳ್ಳಲೂ ಇಲ್ಲ, ಒಂದು ರೀಲು ಮುಗಿದ ಕೂಡಲೇ ಇನ್ನೊಂದು ಹಾಕುತ್ತ ಹೋದಳು.

ಹದಿನೇಳಕ್ಕೆ ರೀಲು ಮುಗಿದು ಗೋಡೆ ಬೆಳ್ಳಗಾಯಿತು.

"ಇನ್ನೆರಡೆಲ್ಲಿ?" ಎಂದು ಹಿಂದಿನಿಂದ ಕೂಗು ಬಂತು.

"ಡಾಕ್ಟ್ರು ರೀಲು ಬದಲಾಯಿಸ್ತಿದ್ದಾಗ ಹೋಗಿರುತ್ತೆ. ನಾನಿದ್ದೆನಲ್ಲ ಅಲ್ಲಿ, ಹೇಳ್ತೀನಿ ಕೇಳಿ," ಎಂದ ಪೋಸ್ಟ್ ಮಾವ. "ಅದರಲ್ಲಿ ಒಂದಂತೂ, ನಾನು ಇಲ್ಲಿಂದ ಹಾಕ್ದೆ..." ಎನ್ನುತ್ತ ಕೋಲನ್ನು ಆಕಾಶಕ್ಕೆ ಎತ್ತಿದ. ಜನ ಕುರ್ಚಿಗಳನ್ನು ಅವನ ಸುತ್ತ ಎಳೆದುಕೊಂಡು ಕೂತರು.