ನಿಂಗವ್ವ ದೊಡ್ಡವ್ವ ಮೆತ್ತಿದ ಗೋಡೆ

“ಅಕ್ಕ ಸರ್ಕಾರದ ಮ್ಯಾಲೆ ಬಾಯಿ ಮಾಡೂದು ಈ ಜನ್ಮದಾಗ ಆಗೂದಲ್ಲ” ಎಂದವನು ನಮ್ಮ ಸೋದರಮಾವ ಮಲ್ಲಪ್ಪ. ಅವನ ಅಕ್ಕ, ನನ್ನ ದೊಡ್ಡವ್ವ ನಿಂಗವ್ವ, ಪ್ರತಿ ಚುನಾವಣೆಯಲ್ಲೂ ಆಳುವವರಿಗೇ ಮತ ಹಾಕಿದವಳು. ಕಚೇರಿಯ ಜೀಪು ಓಣಿಗೆ ಬಂದರೆ ತಲೆಯ ಮೇಲೆ ಸೆರಗೆಳೆದು ಎದ್ದು ನಿಲ್ಲುವಳು. ನನ್ನನ್ನು ಓದಲು ಹಚ್ಚಿದವಳೂ ಅವಳೇ. ಸಿಂದಗಿಯ ಕಾಲೇಜಿಗೆ ಮೂರು ವರ್ಷ ಬುತ್ತಿ ಕಟ್ಟಿದಳು. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಮ್ಮೂರು ದೇವಣಗಾಂವದ ಹತ್ತಿರ, ಭೀಮೆಯ ದಂಡೆಗೆ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟ ವರ್ಷ ಹೊಳೆ ಓಣಿಗೇ ನುಗ್ಗಿತು. ದೊಡ್ಡವ್ವನ ಮಣ್ಣಿನ ಮನೆಯಲ್ಲಿ ಎದೆಮಟ ನೀರು. ಸರ್ಕಾರದ ದೋಣಿ ಬಂದು ನಮ್ಮನ್ನು ಶಾಲೆಗೆ ಸಾಗಿಸಿತು. ಅಲ್ಲಿ ಹುಡುಗರು ಸರ್ಕಾರವನ್ನು ಬೈದರೆ ಅವಳು ಗದರುತ್ತಿದ್ದಳು: “ದೋಣಿ ಏನ್ ನಿಮ್ಮಪ್ಪ ಕಳಿಸಿದ್ನೇನು? ಸುಮ್ನ ಉಣ್ರಿ.”

ನೀರು ಇಳಿದ ಮೇಲೆ ಹಾನಿ ನೋಡಲು ಸಾಹೇಬರು ಬರುವರೆಂದು ಡಂಗುರವಾಯಿತು. ಮನೆ ಹಾಳಾದವರಿಗೆ ಎತ್ತರದ ಜಾಗದಲ್ಲಿ ಹೊಸ ಮನೆ. ದೊಡ್ಡವ್ವ ಎರಡು ದಿನ ದುಡಿದು, ನೀರಿನ ಗೆರೆ ಮೂಡಿದ ಗೋಡೆಗೆ ಮಣ್ಣು ಮೆತ್ತಿ, ಸುಣ್ಣ ಬಳಿದು, ನೆಲ ಸಾರಿಸಿ ರಂಗೋಲಿ ಹಾಕಿದಳು. “ಸಾಹೇಬ್ರು ಬರೂ ಮನಿ, ರಾಡ್ಯಾಗ ನಿಂದರ್ಸೂದೇನು?” ಸುಣ್ಣದ ಬಕೀಟು ಹಿಡಿದು ನಿಂತಿದ್ದವಳು ನಾನು. ಪದವಿ ಪಡೆದ ತಲೆಗೂ ಹೊಳೆಯಲಿಲ್ಲ.

ಸಾಹೇಬರು ಹೊರಗಿನಿಂದಲೇ ನೋಡಿ ಹೋದರು. ವಾರದ ಬಳಿಕ ಪಂಚಾಯಿತಿಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಹಾನಿ ಇಲ್ಲ’ ಎಂದಿತ್ತು. ಓದಿ ಹೇಳಿದೆ. ಆ ದಿನ ಅವಳು ರೊಟ್ಟಿ ಮುಟ್ಟಲಿಲ್ಲ. ಮರುದಿನ “ಅರ್ಜಿ ಬರಿ” ಎಂದಳು. ಮೂರನೆಯ ಅರ್ಜಿಗೆ ಸಾಹೇಬರು ಮತ್ತೆ ಬಂದರು. ಓಣಿಯೆಲ್ಲ ಕೂಡಿತು.

“ಒಳಗ ಬರ್ರಿ ಸಾಹೇಬ್ರ. ಗ್ವಾಡಿ ಗಟ್ಟಿ ಐತಿ ಅಂತ ನೀವ ಬರದೀರಲ್ರಿ, ಬೆನ್ನ ಹಚ್ಚಿ ಕುಂಡ್ರರಿ” ಎಂದಳು ದೊಡ್ಡವ್ವ.

ಅವರು ಹೊಸ್ತಿಲು ದಾಟಲಿಲ್ಲ. ಅವಳೇ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಮೇಲಿನಿಂದ ಮೆತ್ತಿದ ಮಣ್ಣು ಸೆರಗಿನ ಮೇಲೆ ಉದುರಿತು.

“ಏಳಕ್ಕಾ, ಬೀಳ್ತೈತಿ” ಎಂದ ಮಲ್ಲಪ್ಪ ಮಾವ.

“ಹೆಂಗ ಬೀಳ್ತೈತೋ ತಮ್ಮಾ? ಸರ್ಕಾರ ಬರದೈತಿ.”

ಯಾರೋ ನಕ್ಕರು. ಅವಳ ಭುಜದ ಪಕ್ಕ ಸುಣ್ಣದ ಪದರು ಸೀಳಿ ದೊಡ್ಡ ಹೆಂಟೆಯೊಂದು ಕಳಚಿತು. ಒಳಗಿನಿಂದ ನೀರಿನ ಗೆರೆ ಕಪ್ಪಗೆ ಇಣುಕಿತು.

“ಅವ್ವಾರ, ಹೊರಗ ಬರ್ರಿ. ಬರೀತೇನಿ” ಎಂದರು ಸಾಹೇಬರು.

“ಮೊದಲ ಬರೀರಿ. ನಮ್ಮ ಹುಡುಗಿ ಓದ್ಲಿ, ಆಮ್ಯಾಲೆ ಏಳ್ತೇನಿ.”

‘ಮನೆ ಪೂರ್ತಿ ಹಾನಿ’ ಎಂದು ಅವರು ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಅವಳು ಸೆರಗು ಕೊಡವಿ ಹೊರಬಂದಳು. ಗೋಡೆ ನಾಲ್ಕನೆಯ ದಿನ ಬಿತ್ತು.

“ಹೊಳಿ ಬಂದದ್ದಕ್ಕ ನಾ ಯಾರಿಗೂ ಬೈಯೂದಿಲ್ಲ. ನೋಡಲಾರ್ದ ಬರದ್ರಲ್ಲ, ಅದಕ್ಕ” ಎಂದು ಮುಂದಿನ ಚುನಾವಣೆಯಲ್ಲಿ ಮೊದಲ ಸಲ ಎದುರಿನವರಿಗೆ ಮತ ಹಾಕಿದಳು, ಮುಚ್ಚಿಡಲೂ ಇಲ್ಲ. ದೋಣಿಗೆ ಕೈ ಮುಗಿದಿದ್ದ ಓಣಿಯೇ ಅವಳ ಹಿಂದೆ ಹೋಯಿತು. ಆಳುವವರು ಬದಲಾದರು.

ದೊಡ್ಡವ್ವ ತೀರಿಕೊಂಡು ಈಗ ಎರಡು ವರ್ಷ. ನನ್ನ ಕಣ್ಣಲ್ಲಿ ಉಳಿದಿರುವುದು ಹೊಸ ಮನೆಯ ಹಕ್ಕುಪತ್ರ ಹಂಚಿದ ದಿನ. ಗೆದ್ದವರು ವೇದಿಕೆಯ ಮೇಲೆ ಪತ್ರ ಕೊಟ್ಟು ಫೋಟೋಕ್ಕೆ ನಕ್ಕರು. ಅವಳು ನಗಲಿಲ್ಲ. ಮೆಟ್ಟಿಲಿಳಿಯುವಾಗ ಕೈ ಹಿಡಿದು, “ಕಡೀಕೂ ಕೊಟ್ರಲ್ಲ ದೊಡ್ಡವ್ವಾ” ಎಂದೆ.

“ಕೊಟ್ರು ಅನಬ್ಯಾಡ ಯವ್ವಾ. ಇಸ್ಕೊಂಡ್ವಿ ಅನ್ನು.”